ಬದುವಿನ ಹೊಂಗೆ, ಸಮುದ್ರದ ಹಡಗು

ಮೊನ್ನೆ ರಾಗಿ ಹೊಲ ಉಳೋಕೆ ಟ್ರ್ಯಾಕ್ಟರ್ ಕರೆದೆ. ಗಂಟೆ ಬಾಡಿಗೆ ಕೇಳಿ ಎದೆ ಧಸಕ್ ಅಂತು. "ಡೀಸೆಲ್ ರೇಟು ನೋಡಣ್ಣ, ನಾನೇನ್ ಮಾಡ್ಲಿ?" ಅಂದ ಹುಡುಗ. ಅವನದೂ ತಪ್ಪಿಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದಲೇ ಬರಬೇಕು. ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿ ಶುದ್ಧವಾಗಿ, ಕೊಳವೆಯಲ್ಲಿ ಘಟ್ಟ ಹತ್ತಿ ಹಾಸನ ಸೇರುತ್ತದೆ. ಕೊಲ್ಲಿಯಲ್ಲಿ ಗುಂಡು ಹಾರಿದರೆ ಅರಸೀಕೆರೆಯಲ್ಲಿ ಉಳುಮೆ ಖರ್ಚು ಏರುತ್ತದೆ.

ಶ್ರೀಮಂತ ದೇಶಗಳ ಪಾಡೂ ಇಷ್ಟೇ. ಯುರೋಪಿನವರು ರಷ್ಯಾದ ಗ್ಯಾಸ್ ನಂಬಿ ಕೂತಿದ್ದರು. 2022ರಲ್ಲಿ ಯುಕ್ರೇನ್ ಯುದ್ಧ ಬಂತು, ಬರುವ ಗ್ಯಾಸ್ ಕಡಿಮೆಯಾಯ್ತು. ಆಗ ಒಂದೇ ಕೂಟದ ಗೆಳೆಯ ದೇಶಗಳೇ ಹಡಗಿನ ಗ್ಯಾಸಿಗೆ ಪೈಪೋಟಿಗೆ ಬಿದ್ದವು. ಕೆಲವು ಬಡ ದೇಶಗಳಿಗೆ ಬೇಕಾದಷ್ಟು ಗ್ಯಾಸ್ ಸಿಗಲಿಲ್ಲ. ಯೂರಿಯಾ ಆಗುವುದೂ ಗ್ಯಾಸಿನಿಂದಲೇ. ನಮ್ಮ ದೇಶ ಅರ್ಧದಷ್ಟು ಗ್ಯಾಸನ್ನು ಹೊರಗಿನಿಂದ ತರಿಸುತ್ತದೆ.

ಈಗ ಎಲ್ಲರ ಬಾಯಲ್ಲೂ ಎಥೆನಾಲ್. ಬೇಲೂರು, ಹಳೇಬೀಡು ಕಡೆ ಮುಸುಕಿನ ಜೋಳ ಬೆಳೆಯುವವರಿಗೆ ಕೊಳ್ಳುವವರು ಇನ್ನೊಬ್ಬರಾದರು, ಸಂತೋಷ. ಆದರೆ ಹೊರಗಿನ ಗ್ಯಾಸಿನ ಯೂರಿಯಾ ಸುರಿದು ಜೋಳ ಬೆಳೆದು, ಅದನ್ನು ಪೆಟ್ರೋಲಿಗೆ ಬೆರೆಸಿ, ಹೊರಗಿನ ಎಣ್ಣೆ ಉಳಿಸಿದೆವು ಅನ್ನೋದು ನನ್ನ ಏಳನೇ ಕ್ಲಾಸಿನ ಲೆಕ್ಕಕ್ಕೆ ಪೂರ್ತಿ ಕೂಡಿ ಬರೋದಿಲ್ಲ.

ನಮ್ಮ ಜಿಲ್ಲೆಯಲ್ಲೇ ಬೇರೊಂದು ದಾರಿ ತೋರಿಸಿದ್ದರು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಶುರುಮಾಡಿದರು. ಹೊಲ ಬಿಡಬೇಡಿ, ಬದುವಿನಲ್ಲಿ ಹೊಂಗೆ, ಬೇವು, ಹಿಪ್ಪೆ ಹಾಕಿ ಅಂದರು. ಮಾತು ಸರಿಯಾಗಿತ್ತು. ಅದಕ್ಕೂ ಮುಂಚೆ ಜಟ್ರೋಫಾ ಬಂಗಾರ ಅಂತ ನಂಬಿ ಅರ್ಧ ಎಕರೆಗೆ ಹಾಕಿ, ಕೊನೆಗೆ ಕಿತ್ತು ಒಲೆಗಿಟ್ಟವನು ನಾನು. ಹೊಂಗೆ ಹಾಗಲ್ಲ. ನೀರು ಕೇಳಲ್ಲ, ದನ ಮೇಯಲ್ಲ. ಸೊಪ್ಪು ಗೊಬ್ಬರಕ್ಕಾಯ್ತು, ನೆರಳು ನಮಗಾಯ್ತು. ನಮ್ಮಜ್ಜಿ ಕಾಲದಲ್ಲಿ ದೀಪಕ್ಕೆ ಅದೇ ಎಣ್ಣೆ.

ಇಪ್ಪತ್ತು ಸಸಿ ಹಾಕಿದ್ದೆ, ಹದಿಮೂರು ಉಳಿದವು. ಕಾಯಿ ಹಿಡಿಯಲು ಆರೇಳು ವರ್ಷ ಬೇಕಾಯ್ತು. ಮನೆಯವಳು ಬಿಸಿಲಲ್ಲಿ ಕೂತು ಕಾಯಿ ಬಡಿದು ಬೀಜ ಮಾಡಿದಳು. ಕೊಂಡವನು ಕೊಟ್ಟ ದುಡ್ಡು ಅವಳ ಒಂದು ದಿನದ ಕೂಲಿಗೂ ಸಾಲಲಿಲ್ಲ. ಮರುವರ್ಷ ಬೀಜ ಮರದ ಕೆಳಗೇ ಬಿತ್ತು. ನಮ್ಮೂರಲ್ಲಿ ಹಲವರದ್ದು ಇದೇ ಕತೆ. ಮರ ಇದೆ, ಆರಿಸುವವರಿಲ್ಲ.

ನಾವು ತಪ್ಪಿದ್ದು ಎಲ್ಲಿ ಅಂದರೆ, ಬೀಜವನ್ನೇ ಮಾರಿದ್ದು. ನಾಲ್ಕು ಕೆಜಿ ಬೀಜ ಅರೆದರೆ ಹೆಚ್ಚುಕಮ್ಮಿ ಒಂದು ಕೆಜಿ ಎಣ್ಣೆ, ಉಳಿದದ್ದು ಹಿಂಡಿ. ಆ ಹಿಂಡಿಯನ್ನೇ ನಾವು ಆಮೇಲೆ ಅಂಗಡಿಯಿಂದ ದುಡ್ಡು ಕೊಟ್ಟು ತಂದು ತೆಂಗಿನ ಬುಡಕ್ಕೆ ಹಾಕ್ತೀವಿ! ಊರಲ್ಲೇ ಗಾಣ ಇದ್ದು, ಎಣ್ಣೆ ಮಾರಿ ಹಿಂಡಿ ಉಳಿಸಿಕೊಂಡಿದ್ದರೆ ಅಷ್ಟರಮಟ್ಟಿಗೆ ಯೂರಿಯಾ ಚೀಲವೂ ಕಡಿಮೆ ಆಗ್ತಿತ್ತು. ಸರ್ಕಾರ ಸಸಿ ಹಂಚುವುದಕ್ಕೆ ಖರ್ಚು ಮಾಡುವ ಬದಲು ಹೋಬಳಿಗೊಂದು ಗಾಣ ಹಾಕಿಸಲಿ ಅನ್ನೋದು ನನ್ನ ವಾದ.

ಈ ವರ್ಷ ನಾವು ನಾಲ್ಕು ಮನೆಯವರು ಸೇರಿ ಬೀಜ ಕೂಡಿಡೋಣ ಅಂತಿದ್ದೀವಿ. ಹಳ್ಳಿಯಲ್ಲೇ ಗಾಣ ನಡೆಸುವ ಓದುಗರಿದ್ದರೆ, ಕ್ವಿಂಟಾಲ್ ಹೊಂಗೆ ಬೀಜ ಅರೆಯಲು ಖರ್ಚೆಷ್ಟು ಬೀಳುತ್ತದೆ, ದಯವಿಟ್ಟು ಪತ್ರಿಕೆಗೆ ಬರೆಯಿರಿ.