ಕೊಳೆ ರೋಗವೂ ಕನ್ನಡ ನಾಡೂ

ಮೃಗಶಿರಾ ಮಳೆ ಹಿಡಿಯುವದಕ್ಕೆ ಮುಂಚೆ ಅಡಿಕೆಯ ಕೊನೆಗಳಿಗೆ ಔಷಧ ಬೀಳಬೇಕು. ತಪ್ಪಿದರೆ ಆಷಾಢ ಶ್ರಾವಣಗಳಲ್ಲಿ ಎಳೆಗಾಯಿಗಳು ಕೊಳೆತು ಮರದ ಬುಡದಲ್ಲಿ ಹಾಸಿ ಬೀಳುವವು. ವರ್ಷದ ಅನ್ನವು ಕಣ್ಣೆದುರಿಗೇ ಮಣ್ಣುಪಾಲಾಗುವದು. ಮಲೆನಾಡಿನ ತೋಟಿಗರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಕನ್ನಡ ನಾಡಿನ ಏಕೀಕರಣವನ್ನು ಹೃತ್ಪೂರ್ವಕವಾಗಿ ಬಯಸಿದವರೆಲ್ಲರೂ ಮನನ ಮಾಡತಕ್ಕ ಒಂದು ಪಾಠವು ಈ ರೋಗದ ಇತಿಹಾಸದಲ್ಲಿ ಅಡಗಿರುವದು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಶಾಸ್ತ್ರಜ್ಞ ಲೆಸ್ಲಿ ಕೋಲ್ಮನ್ನರು ಕೊಳೆ ರೋಗವನ್ನು ಅಭ್ಯಸಿಸಿ 1910ರಲ್ಲಿ ಅದರ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದರು. ಅದುವರೆಗೆ ತೋಟಿಗರು ಕೊನೆಕೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಬಳ್ಳಿಯ ರೋಗಕ್ಕಾಗಿ 1885ರ ಸುಮಾರಿಗೆ ಬಳಕೆಗೆ ಬಂದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆಗೆ ಅನ್ವಯಿಸಿದ ಕೀರ್ತಿಯು ಕೋಲ್ಮನ್ನರದು. ನೂರು ವರ್ಷಗಳು ಕಳೆದರೂ ಅದೇ ಔಷಧವು ನಮ್ಮ ತೋಟಗಳನ್ನು ಕಾಯುತ್ತಿರುವದು.

ಆದರೆ ರೋಗಕ್ಕೆ ಇಲ್ಲದ ಗಡಿಯು ಸಲಹೆಗೆ ಇದ್ದಿತು. ಸಾಗರದ ತೋಟಿಗನು ಮೈಸೂರಿನ ಪ್ರಜೆ, ಶಿರಸಿಯವನು ಮುಂಬಯಿ ಪ್ರಾಂತದವನು, ಪುತ್ತೂರಿನವನು ಮದರಾಸಿನವನು. ಮಳೆ ಒಂದೇ, ಬೆಳೆ ಒಂದೇ, ಮನೆಮಾತಲ್ಲದಿದ್ದರೂ ಶಾಲೆಯ ಮಾತು ಒಂದೇ. ಸರಕಾರಗಳು ಮಾತ್ರ ಮೂರು. 1956ರ ನವೆಂಬರ 1ರಂದು ಈ ವಿಪರ್ಯಾಸವು ಬಹುಮಟ್ಟಿಗೆ ಕೊನೆಗೊಂಡಿತು. ಅದೇ ವರ್ಷ ವಿಟ್ಲದಲ್ಲಿ ಅಡಿಕೆಯ ಸಂಶೋಧನ ಕೇಂದ್ರವೂ ಸ್ಥಾಪಿತವಾಯಿತು. ಕಾಸರಗೋಡು ಮಾತ್ರ ಹೊರಗುಳಿಯಿತು. ಅಲ್ಲಿಯ ಕನ್ನಡ ತೋಟಿಗರ ತೋಟದಲ್ಲಿಯೂ ಮಳೆಯು ಸುರಿಯುವದೆಂಬದನ್ನು ನಾವು ಮರೆಯಲಾಗದು.

ನಕಾಶೆಯ ಗಡಿ ಅಳಿಯಿತು. ಆದರೆ ಪ್ರಯೋಗಶಾಲೆಗೂ ತೋಟಕ್ಕೂ ನಡುವೆ ಇರುವ ಗಡಿ ಅಳಿದಿರುವದೇ? ಬೆಂಗಳೂರಿನಲ್ಲಿ 1964ರಲ್ಲಿ, ಧಾರವಾಡದಲ್ಲಿ 1986ರಲ್ಲಿ ಕೃಷಿ ವಿಶ್ವವಿದ್ಯಾಲಯಗಳು ಆರಂಭವಾದವು. ಜಿಲ್ಲೆಗೆ ಕೃಷಿ ವಿಜ್ಞಾನ ಕೇಂದ್ರವಿರುವದು; ಹೋಬಳಿಗೆ ರೈತ ಸಂಪರ್ಕ ಕೇಂದ್ರವಿರುವದು. ಜ್ಞಾನಕ್ಕೆ ಕೊರತೆಯಿಲ್ಲ, ಅದನ್ನು ತಲುಪಿಸುವ ಮಾತಿಗೆ ಕೊರತೆ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿದ ಕರಪತ್ರವನ್ನು ರೈತನು ಎರಡು ಸಾಲು ಓದಿ ಮಡಿಸಿಡುವನು. ಬಳಿಕ ಔಷಧದ ಅಂಗಡಿಗೆ ಹೋಗಿ, ಮಾರುವವನನ್ನೇ ವೈದ್ಯನೆಂದು ನಂಬುವನು. ಔಷಧದ ಚೀಟಿಯ ಮೇಲೆ ಆಯಾ ಪ್ರದೇಶದ ಭಾಷೆಯೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿದವು. ಚೀಟಿಯಲ್ಲಿ ಕನ್ನಡವಿರುವದು ನಿಜ. ಓದುವದಕ್ಕೆ ಭೂತಕನ್ನಡಿ ಬೇಕು! ಪ್ರತಿವಾದಿಗೆ ಜಾರಿಯಾಗದ ಸಮನ್ಸಿನಿಂದ ಹೇಗೆ ಖಟ್ಲೆಯು ಮುಂದೆ ಸಾಗದೋ, ಹಾಗೆಯೇ ರೈತನಿಗೆ ತಿಳಿಯದ ಸಲಹೆಯಿಂದ ಬೆಳೆಯು ಉಳಿಯದು.

ಹಾಗಾದರೆ ಸಲಹೆಯನ್ನು ಹೇಗೆ ಹೇಳಬೇಕು? ಇದೇ ಔಷಧವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ ಕರಗಿಸಿರಿ. ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ ಸೋಸಿರಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹೊಯ್ಯುತ್ತ ತಿರುವಿರಿ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕುವನ್ನು ಅದರಲ್ಲಿ ಅದ್ದಿರಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿರಿ. ಅಂದು ಕಲಸಿದ್ದು ಅಂದೇ ಮುಗಿಯಲಿ. 40-45 ದಿನಗಳ ಮೇಲೆ ಎರಡನೆಯ ಸಲ ಹೊಡೆಯಿರಿ. ಉದುರಿದ ರೋಗದ ಕಾಯಿಗಳನ್ನು ತೋಟದಲ್ಲಿ ಬಿಡಬೇಡಿರಿ. ಹಿತ್ತಲಲ್ಲಿ ನಾಲ್ಕೇ ಅಡಿಕೆ ಮರಗಳಿದ್ದ ಪೇಟೆಯ ಗೃಹಸ್ಥನಿಗೂ ಲೆಕ್ಕ ಕಷ್ಟವಲ್ಲ: ಲೀಟರಿಗೆ ತುತ್ತ 10 ಗ್ರಾಮು, ಸುಣ್ಣ 10 ಗ್ರಾಮು.

ಇಷ್ಟನ್ನು ಹೇಳಲು ಯಾವ ಪಾಂಡಿತ್ಯವೂ ಬೇಕಿಲ್ಲ. ಹೊತ್ತು ಮೀರುವದಕ್ಕೆ ಮುಂಚೆ ಹೇಳುವ ಕಾಳಜಿ ಬೇಕು. ಮಲೆನಾಡಿನವರು ಕೊಳೆಯೆಂದದ್ದನ್ನು ಕರಾವಳಿಯ ಕಡೆಯವರು ಮಹಾಳಿಯೆನ್ನುವರು. ಸಲಹೆ ಕೊಡುವ ಅಧಿಕಾರಿಯು ಈ ಎರಡು ಹೆಸರುಗಳನ್ನೂ ತೋಟದಲ್ಲಿ ನಿಂತು ಕಲಿಯಲಿ. ಮರ ಏರುವ ಕೊನೆಗಾರನನ್ನು ಕೇಳಲಿ. ಯಾವ ತಗ್ಗಿನಲ್ಲಿ ರೋಗವು ಮೊದಲು ಕಾಣಿಸುವದೆಂದು ಅವನು ಬಲ್ಲನು.

ಸರಕಾರಕ್ಕೆ ನಮ್ಮ ಆಗ್ರಹವು ಸ್ಪಷ್ಟವಾದದ್ದು: ವೈಶಾಖ ಮುಗಿಯುವದರೊಳಗೆ ಪ್ರತಿ ಅಡಿಕೆಯ ಗ್ರಾಮಕ್ಕೂ, ದಪ್ಪಕ್ಷರದ ಒಂದೇ ಪುಟದ ಸಲಹೆ ತಲುಪಲಿ, ಔಷಧದ ಚೀಟಿಯ ಕನ್ನಡವು ಬರಿಗಣ್ಣಿಗೆ ಕಾಣುವಂತಿರಲಿ. ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟುವದು ಸ್ವಾಭಿಮಾನಿಗಳ ಲಕ್ಷಣವಲ್ಲ. ಬೇಸಗೆಯಲ್ಲಿ ಶಾಲೆಗಳಿಗೆ ರಜೆ, ಕೋರ್ಟುಗಳಿಗೂ ರಜೆ. ಶಿಕ್ಷಕ ಬಂಧುಗಳೂ ನಮ್ಮಂಥ ವಕೀಲರೂ ಆ ದಿನಗಳಲ್ಲಿ ಒಂದೊಂದು ಊರಿಗೆ ಹೋಗಿ, ಜಗಲಿಯ ಮೇಲೆ ಕೂತು ಈ ಒಂದು ಪುಟವನ್ನು ಓದಿಹೇಳಿದರೆ ಯಾರ ಅಪ್ಪಣೆಯೂ ಬೇಕಾಗದು.

ನಾಡು ಒಂದಾಗಲೆಂದು ನಮ್ಮ ಹಿರಿಯರು ಸೆರೆಮನೆಗೆ ಹೋದರು, ಉಪವಾಸ ಮಾಡಿದರು. ನಮಗೆ ಉಳಿದಿರುವ ಕೆಲಸವು ಅಷ್ಟು ಕಠಿಣವಾದುದಲ್ಲ. ಕನ್ನಡದಲ್ಲಿ ಹೇಳಿದ ಒಂದು ಮಾತಿನಿಂದ ಒಬ್ಬ ತೋಟಿಗನ ಫಸಲು ಉಳಿದರೆ, ಏಕೀಕರಣವು ಅವನ ಅಂಗಳಕ್ಕೆ ಬಂದಂತೆಯೇ ಸರಿ.