ಹಿಂದೆ ಬರುವವನ ದೀಪ

ದೀಪಗಳಲ್ಲಿ ಎರಡು ಜಾತಿ. ಒಂದು, ನಾವು ನೋಡಲೆಂದು ಹಚ್ಚಿಕೊಳ್ಳುವುದು; ಇನ್ನೊಂದು, ಬೇರೆಯವರು ನಮ್ಮನ್ನು ನೋಡಲೆಂದು ಹಚ್ಚಿಡುವುದು. ಮೊದಲನೆಯದು ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ, ಮಾರನೆಯ ದಿನವೇ ರಿಪೇರಿಯೂ ಆಗುತ್ತದೆ. ಎರಡನೆಯದು ಕೆಟ್ಟರೆ ಹೊತ್ತವನಿಗೆ ಏನೂ ಆಗುವುದಿಲ್ಲ; ಆಗುವುದೆಲ್ಲ ಹಿಂದೆ ಬರುವವನಿಗೆ. ನಮ್ಮ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದಿನ ಕೆಂಪು ದೀಪ ಏಕೆ ಉರಿಯುವುದಿಲ್ಲ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ಮಿಕ್ಕ ಕಾರಣಗಳೆಲ್ಲ ನೆಪ.

ಇದನ್ನು ಪಟ್ಟಣದಲ್ಲಿ ಕೂತು ರೈತರಿಗೆ ಬುದ್ಧಿ ಹೇಳುವವನ ಧಾಟಿಯಲ್ಲಿ ಬರೆಯುತ್ತಿಲ್ಲ. ಸಾವನದುರ್ಗದ ಬುಡದಲ್ಲಿ ನನಗೂ ಹೊಲವಿದೆ, ರಾಗಿ ಬೆಳೆಯುತ್ತೇನೆ, ಟ್ರೇಲರಿನಲ್ಲಿ ಹುಲ್ಲು ಹೇರುತ್ತೇನೆ. ಬೈಯುವುದಾದರೆ ನನ್ನವರನ್ನೇ ಬೈಯಬೇಕು, ಅದಕ್ಕೇ ಬೈಯುತ್ತಿದ್ದೇನೆ.

ಮಾಗಡಿಯಿಂದ ಸಾವನದುರ್ಗಕ್ಕೆ, ಅಲ್ಲಿಂದ ಮಂಚನಬೆಲೆ ಕಡೆಗೆ ಹೋಗುವ ರಸ್ತೆಗಳನ್ನು ಬಲ್ಲವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಕಾಡು, ತಿರುವು, ಇಕ್ಕೆಲದಲ್ಲೂ ಪೊದೆ. ಸಮುದ್ರಮಟ್ಟದಿಂದ 4,000 ಅಡಿ ಎತ್ತರದ ಆ ಬಂಡೆ ಹಗಲಲ್ಲಿ ಹತ್ತಾರು ಮೈಲಿಗೆ ಕಾಣುತ್ತದೆ. ಅಮಾವಾಸ್ಯೆಯ ರಾತ್ರಿ ಅದರ ಬುಡದಲ್ಲಿ ನಿಂತವನಿಗೂ ಎಲ್ಲಿ ಬಂಡೆ, ಎಲ್ಲಿ ಆಕಾಶ ಎಂದು ತಿಳಿಯುವುದಿಲ್ಲ. ಅಂಥ ಕತ್ತಲೆಯಲ್ಲಿ ಮಣ್ಣು ಮೆತ್ತಿದ ಟ್ರೇಲರ್ ಯಾವ ಲೆಕ್ಕ? ರಾಗಿ ಕೊಯ್ಲಾದ ಮೇಲೆ ಹುಲ್ಲು ಸಾಗಿಸುವುದು ಹೊತ್ತು ಮುಳುಗಿದ ಮೇಲೇ. ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ಬೈಕುಗಳಲ್ಲಿ ವಾಪಸಾಗುವುದೂ ಆಗಲೇ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ ಬರುತ್ತಿದ್ದವನು ತಿರುವಿನಲ್ಲಿ ನಿಂತಿದ್ದ ಹುಲ್ಲಿನ ಟ್ರೇಲರಿಗೆ ಹಿಂದಿನಿಂದ ಹೊಡೆದ. ಆಸ್ಪತ್ರೆ ಮುಟ್ಟಲಿಲ್ಲ. ಅರಳಿಕಟ್ಟೆಯ ಮೇಲೆ ಮೂರು ದಿನ ಚರ್ಚೆ ನಡೆಯಿತು. ಹುಡುಗ ಕುಡಿದಿದ್ದನೆ? ಹೆಲ್ಮೆಟ್ ಇತ್ತೆ? ಎಷ್ಟು ಸ್ಪೀಡಿನಲ್ಲಿದ್ದ? ಟ್ರೇಲರಿನ ಹಿಂದಿನ ದೀಪ ಉರಿಯುತ್ತಿತ್ತೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಉರಿಯುತ್ತಿರಲಿಲ್ಲ. ಟ್ರೇಲರ್ ಊರಿಗೆ ಮರಳಿದ ಮೇಲೆ ಯಜಮಾನನ ಎದುರಿಗೇ ಬಿಚ್ಚಿ ನೋಡಿದೆ. ಬಲ್ಬು ನೆಟ್ಟಗಿತ್ತು. ಕೈಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಬೋಲ್ಟು.

ಈ ಬೋಲ್ಟಿನ ಸಂಗತಿಯನ್ನು ಕೊಂಚ ಬಿಡಿಸಿ ಹೇಳಬೇಕು. ದೀಪಕ್ಕೆ ಕರೆಂಟು ಹೋಗಲು ಒಂದು ದಾರಿ ಬೇಕು, ಬರಲು ಇನ್ನೊಂದು. ಹೋಗುವ ದಾರಿಗೆ ನಾವು ವೈರು ಎಳೆಯುತ್ತೇವೆ. ಬರುವ ದಾರಿಗೆ ಟ್ರೇಲರಿನ ಕಬ್ಬಿಣವನ್ನೇ ನಂಬುತ್ತೇವೆ. ಅದೇ ಅರ್ತ್. ಆ ಕಬ್ಬಿಣ ಟ್ರ್ಯಾಕ್ಟರನ್ನು ಮುಟ್ಟುವುದು ಎಲ್ಲಿ? ಕೊಂಡಿಯ ಪಿನ್ನಿನಲ್ಲಿ. ಗ್ರೀಸು, ಮಣ್ಣು, ತುಕ್ಕು ಮೆತ್ತಿಕೊಂಡು, ಹಳ್ಳ ಬಂದಾಗಲೆಲ್ಲ ಅಲುಗುವ ಪಿನ್ನು ಅದು. ಲೆಕ್ಕ ಹಾಕಿ ನೋಡಿ. ಹಿಂದಿನ ಎರಡು ದೀಪ 5 ವ್ಯಾಟಿನವು, ಬ್ರೇಕಿನ ಎರಡು 21 ವ್ಯಾಟಿನವು; ಒಟ್ಟು 52 ವ್ಯಾಟು. 12 ವೋಲ್ಟಿನಲ್ಲಿ 4 ಆಂಪಿಯರಿಗೂ ಹೆಚ್ಚು ಕರೆಂಟು ಆ ಒಂದೇ ದಾರಿಯಲ್ಲಿ ಮರಳಬೇಕು. ಅಲ್ಲಿ ಒಂದೇ ಒಂದು ಓಮಿನಷ್ಟು ತುಕ್ಕು ಅಡ್ಡ ನಿಂತರೂ ಮೂರು ವೋಲ್ಟನ್ನು ಅದೇ ನುಂಗುತ್ತದೆ, ಬೆಳಕು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ತುಕ್ಕು ಇನ್ನೂ ಬಲಿತರೆ ದೀಪವೇ ಇಲ್ಲ.

ರೋಗದ ಲಕ್ಷಣವೂ ಸ್ಪಷ್ಟ. ಬ್ರೇಕು ತುಳಿದರೆ ಕೆಂಪು ದೀಪ ಹೆಚ್ಚು ಉರಿಯುವ ಬದಲು ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಉಳಿದ ದೀಪಗಳೂ ಅದರ ತಾಳಕ್ಕೆ ಮಿಣುಕುತ್ತವೆ. ಮರಳುವ ದಾರಿ ಕಾಣದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಹುಡುಕುತ್ತಿದೆ ಎಂದು ಅರ್ಥ. ಆದರೆ ನಮ್ಮಲ್ಲಿ ನಡೆಯುವ ಚಿಕಿತ್ಸೆ ಯಾವುದು? "ಬಲ್ಬು ಹೋಗೈತೆ ಅಣ್ಣ, ಹೊಸದು ಹಾಕ್ತೀನಿ ಬಿಡಿ." ಹೊಸ ಬಲ್ಬು ಹಾಕುವ ಗಡಿಬಿಡಿಯಲ್ಲಿ ಹೋಲ್ಡರು ಅಲುಗಿ ಎರಡು ದಿನ ಉರಿಯುತ್ತದೆ. ಮೂರನೆಯ ದಿನ ಮತ್ತೆ ಕತ್ತಲೆ. "ಮುಂದ್ಗಡೆ ಲೈಟ್ ಉರೀತೈತಲ್ಲಣ್ಣ, ನಡೀರಿ, ಸಾಕು."

ಪತ್ತೆ ಮಾಡಲು ದೊಡ್ಡ ವಿದ್ಯೆ ಬೇಡ. ಎರಡು ವೈರು ಕಟ್ಟಿದ ಒಂದು ಬಲ್ಬು ಸಾಕು. ಮೊದಲು ಟ್ರ್ಯಾಕ್ಟರಿನ ಹಿಂದಿನ ಸಾಕೆಟ್ಟಿನಲ್ಲೇ ಹಿಡಿದು ನೋಡಿ. ಉರಿದರೆ ಟ್ರ್ಯಾಕ್ಟರಿನ ಕಡೆ ದೋಷವಿಲ್ಲ. ಆಮೇಲೆ ಬ್ಯಾಟರಿಯ ಮೈನಸ್ಸಿನಿಂದ ಉದ್ದನೆಯ ವೈರೊಂದನ್ನು ತಂದು ಟ್ರೇಲರಿನ ದೀಪದ ಲೋಹದ ಮೈಗೆ ಮುಟ್ಟಿಸಿ. ತಟ್ಟನೆ ಹೊತ್ತಿಕೊಂಡರೆ ಕೆಟ್ಟಿರುವುದು ಅರ್ತ್. ಉಪ್ಪುಕಾಗದದಲ್ಲಿ ತಿಕ್ಕಿ, ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿ. ಅದಕ್ಕಿಂತ ಮುಖ್ಯವಾಗಿ, ಪಿನ್ನನ್ನು ನಂಬುವುದು ಬಿಟ್ಟು ಮರಳುವ ದಾರಿಗೂ ಪ್ರತ್ಯೇಕ ವೈರು ಎಳೆಯಿರಿ.

ಈ ಪಾಠವನ್ನು ಸಮುದ್ರದವರು ಎಂದೋ ಕಲಿತಿದ್ದಾರೆ. ಮರದ ದೋಣಿಗಾಗಲಿ ಫೈಬರ್ ದೋಣಿಗಾಗಲಿ ಮರಳುವ ದಾರಿಯಾಗಲು ಕಬ್ಬಿಣದ ಮೈಯಿಲ್ಲ. ಹೋಗಲೊಂದು ವೈರು, ಬರಲೊಂದು ವೈರು ಎಳೆಯಲೇಬೇಕು. ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯುವುದರಿಂದ ಜಾಯಿಂಟುಗಳನ್ನು ಆಗಾಗ ಬಿಚ್ಚಿ ನೋಡಲೂ ಬೇಕು. ಕಾನೂನಂತೂ ಚಿಕ್ಕವರೆಂದು ಯಾರನ್ನೂ ಬಿಟ್ಟಿಲ್ಲ. ಹಡಗುಗಳ ಡಿಕ್ಕಿ ತಡೆಯಲು 1972ರಲ್ಲಿ ಆದ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ 12 ಮೀಟರಿಗಿಂತ ಚಿಕ್ಕ ದೋಣಿಯ ಹಿಂಬದಿಯ ದೀಪವೂ ಎರಡು ನಾಟಿಕಲ್ ಮೈಲಿಗೆ ಕಾಣಬೇಕು. 7 ಮೀಟರಿಗಿಂತ ಚಿಕ್ಕ ಹಾಯಿದೋಣಿಗೆ ದೀಪ ಕಟ್ಟಲು ಸಾಧ್ಯವಾಗದಿದ್ದರೆ, ಟಾರ್ಚನ್ನೋ ಹಚ್ಚಿದ ಲಾಟೀನನ್ನೋ ಕೈಗೆಟುಕುವಂತೆ ಇಟ್ಟುಕೊಂಡು, ಡಿಕ್ಕಿಯಾಗುವ ಮುನ್ನ ತೋರಿಸಬೇಕು. ಬಡ ದೋಣಿಯವನಿಗೂ ಇದೇ ಕಟ್ಟಳೆ.

ನಮಗೂ ಕಾನೂನಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹಿಂದಿನ ಕೆಂಪು ದೀಪ 155 ಮೀಟರಿಗೆ ಕಾಣಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಅಷ್ಟು ದೂರ ಬರಲು ಒಂಬತ್ತು ಸೆಕೆಂಡು ಬೇಕು. ದೀಪವಿಲ್ಲದ ಟ್ರೇಲರ್ ಡಿಮ್ ಬೆಳಕಿನಲ್ಲಿ ಮೂವತ್ತು ನಲವತ್ತು ಮೀಟರಿಗೆ ಕಂಡರೆ ಹೆಚ್ಚು. ಆಗ ಸಿಗುವುದು ಎರಡೇ ಸೆಕೆಂಡು.

"ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿದ್ದೀವಲ್ಲ" ಎನ್ನುವವರಿದ್ದಾರೆ. ಸ್ಟಿಕ್ಕರಿಗೆ ಸ್ವಂತ ಬೆಳಕಿಲ್ಲ. ಬೇರೆಯವನ ಬೆಳಕು ಬಿದ್ದರೆ ಉಂಟು, ಅದೂ ಧೂಳು ಒರೆಸಿದ್ದರೆ. ಹುಲ್ಲು ಹೇರಿದ ಮೇಲಂತೂ ಸ್ಟಿಕ್ಕರೂ ಕಾಣದು, ದೀಪವೂ ಕಾಣದು. ಅದಕ್ಕೆ ಉಪಾಯವಿದೆ: ಒಂದು ಹಲಗೆಗೆ ಎರಡು ದೀಪ ಜೋಡಿಸಿ, ಉದ್ದ ವೈರು ಕೊಟ್ಟು, ಹೇರಿನ ಹೊರಗೆ ತೂಗುಬಿಡುವುದು. "ರೈತನ ಕೈಲಿ ಕಾಸೆಲ್ಲಿ?" ಎನ್ನುವವರಿಗೆ ನನ್ನ ಮರುಪ್ರಶ್ನೆ: ಇಂಜಿನ್ನಿನ ಮೇಲೆ ಕಟ್ಟಿದ ಸ್ಪೀಕರಿಗೆ, ಬಾನೆಟ್ಟಿನ ಬಣ್ಣದ ಮಾಲೆ ದೀಪಕ್ಕೆ ಕಾಸು ಎಲ್ಲಿಂದ ಬಂತು? ಅವುಗಳ ವೈರಿಂಗು ಒಂದು ದಿನವೂ ಕೆಟ್ಟದ್ದನ್ನು ನಾನು ಕಂಡಿಲ್ಲ. ಕೆಟ್ಟರೂ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ, ನಮಗೆ ಬೇಕಾದದ್ದಲ್ಲವೆ?

ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಲಾಟೀನು ತೂಗುಹಾಕಿ ಸಂತೆಯಿಂದ ಬರುತ್ತಿದ್ದರು. ಎತ್ತಿಗೆ ದಾರಿ ಗೊತ್ತು, ಹೊಡೆಯುವವನಿಗೆ ನಿದ್ದೆ. ಆ ದೀಪ ಎದುರು ಬರುವವರಿಗೆ, ಹಿಂದೆ ಬರುವವರಿಗೆ. ಸೀಮೆಎಣ್ಣೆ ಅಂದೂ ಪುಕ್ಕಟೆ ಸಿಗುತ್ತಿರಲಿಲ್ಲ. ಎಣ್ಣೆ ಅಳೆದು ಸುಡುತ್ತಿದ್ದ ಜನ ಪರರಿಗಾಗಿ ಒಂದು ಬತ್ತಿ ಉರಿಸಿದರು. ಐವತ್ತು ಕುದುರೆ ಬಲದ ಇಂಜಿನ್ ಇಟ್ಟುಕೊಂಡ ನಾವು ಐದು ವ್ಯಾಟು ಕೊಡಲಾರೆವು ಎನ್ನುತ್ತೇವೆ. ಇದಕ್ಕೆ ಬಡತನ ಎಂಬ ಹೆಸರು ಸಲ್ಲದು. ಈ ಸುಗ್ಗಿಯಲ್ಲಿ ಹುಲ್ಲು ಹೇರುವ ಮುಂಚೆ ಟ್ರೇಲರಿನ ಹಿಂದೆ ಹೋಗಿ, ನಲವತ್ತು ಹೆಜ್ಜೆ ದೂರ ನಿಂತು, ಒಮ್ಮೆ ತಿರುಗಿ ನೋಡಿ. ಕಾಣದಿದ್ದರೆ ಹೊರಡಬೇಡಿ.