ಕೂಸು ಹುಟ್ಟುವ ಮುನ್ನ ಕುಲಾವಿ



ಕಳೆದ ವಾರ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಚನ್ನರಾಯಪಟ್ಟಣದಲ್ಲಿ ನನ್ನ ಬಳಿ ಹತ್ತನೆಯ ತರಗತಿ ಓದಿದವನು. ಈಗ ಒಳ್ಳೆಯ ಕೆಲಸದಲ್ಲಿದ್ದಾನೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸಾರ್, ನಾವು ಒಂದಷ್ಟು ಜನ ಸೇರಿ ಹಾಸನಕ್ಕೊಂದು ಪ್ರೊಫೆಷನಲ್ ಫುಟ್‌ಬಾಲ್ ಕ್ಲಬ್ ಮಾಡಬೇಕು ಅಂತಿದ್ದೀವಿ. ಯಾವುದಾದರೂ ದೊಡ್ಡ ಕಂಪನಿ ಹಿಡಿದರೆ ಆಯ್ತು. ಬೆಂಗಳೂರಿಗೆ ಇದೆ, ನಮಗೆ ಯಾಕಿರಬಾರದು? ತಾವು ಆಶೀರ್ವಾದ ಮಾಡಬೇಕು" ಎಂದ. ಲಾಂಛನವೂ ಅಂಗಿಯ ಬಣ್ಣವೂ ಆಗಲೇ ನಿಶ್ಚಯವಾಗಿವೆಯಂತೆ. "ಆಡುವವರು ಯಾರಪ್ಪಾ?" ಎಂದು ಕೇಳಿದೆ. "ಅದು ಆಮೇಲೆ ನೋಡಿಕೊಂಡರಾಯ್ತು ಸಾರ್, ಹೊರಗಿನಿಂದ ಕರೆಸಬಹುದು" ಎಂದ.

ನಾನು ಆಶೀರ್ವಾದ ಮಾಡಲಿಲ್ಲ. ಫೋನಿನಲ್ಲಿ ಹೇಳಲಾಗದೆ ಉಳಿದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಓದಿ ಮುನಿಸಿಕೊಂಡರೂ ಚಿಂತೆಯಿಲ್ಲ. ಉತ್ತರ ಬರೆದರೆ ಇನ್ನೂ ಸಂತೋಷ.

ಮೊದಲಿಗೆ, "ಕಾಲ್ಚೆಂಡಾಟ ಕನ್ನಡಿಗರದಲ್ಲ, ಅದು ಬಂಗಾಳದವರದು, ಕೇರಳದವರದು, ಗೋವೆಯವರದು" ಎಂದು ಮೂಗು ಮುರಿಯುವವರ ಬಾಯಿ ಮುಚ್ಚಿಸಿಬಿಡುತ್ತೇನೆ. ಮುಂಬಯಿಯ ರೋವರ್ಸ್ ಕಪ್ ಒಂದು ಕಾಲಕ್ಕೆ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಯಾವುದು? ಕಲ್ಕತ್ತೆಯದಲ್ಲ. 1937ರಲ್ಲಿ ಗೆದ್ದ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ 1938ರಲ್ಲಿ ಮತ್ತೆ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿ 1-2ರಿಂದ ಸೋತರು. ಸ್ವತಂತ್ರ ಭಾರತದ ಆ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ಆ ದಿನ ನಮ್ಮ ಕಡೆಯ ಒಂದೇ ಒಂದು ಗೋಲು ಅಹ್ಮದ್ ಖಾನರದು. ಅವರೂ ಬೆಂಗಳೂರಿನವರೇ.

ಇನ್ನು ಸಂತೋಷ್ ಟ್ರೋಫಿ. ನಮ್ಮ ಹಾಸನ ಜಿಲ್ಲೆಯೂ ಸೇರಿದ್ದ ಮೈಸೂರು ಅದನ್ನು 1946-47, 1952-53, 1967-68, 1968-69ರಲ್ಲಿ ಹೀಗೆ ನಾಲ್ಕು ಸಲ ಗೆದ್ದಿತು. ಆಮೇಲೆ ಅರ್ಧ ಶತಮಾನಕ್ಕೂ ಮೀರಿದ ಮೌನ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು 54 ವರ್ಷಗಳ ಬಳಿಕ ಮರಳಿ ತಂದಿತು. ಆ ಸುದ್ದಿ ನಮ್ಮ ಎಷ್ಟು ಶಾಲೆಗಳ ಪ್ರಾರ್ಥನಾ ಸಭೆಯಲ್ಲಿ ಓದಲ್ಪಟ್ಟಿತು? ಕ್ರಿಕೆಟ್ಟಿನ ಕೃಪೆಯಿಂದ ನಮ್ಮ ಜಿಲ್ಲೆಯ ಜಾವಗಲ್ ಎಂಬ ಊರಿನ ಹೆಸರನ್ನು ಪ್ರಪಂಚವೆಲ್ಲ ಕೇಳಿದೆ. ಒಳ್ಳೆಯದೇ. ಆದರೆ ಸಂತೋಷ್ ಟ್ರೋಫಿ ಗೆದ್ದ ತಂಡದ ನಾಯಕನ ಹೆಸರು ಹೇಳು ಎಂದರೆ ಆ ಹುಡುಗನೂ ತಡವರಿಸಿದ.

ಈ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಆ ತಂಡಗಳ ಬೇರು ಇದ್ದುದು ಬೆಂಗಳೂರಿನ ದಂಡು ಪ್ರದೇಶದಲ್ಲಿ; ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂತಹ ಬಡಾವಣೆಗಳ ಮಣ್ಣಿನಲ್ಲಿ. ಅಲ್ಲಿಯ ಮಕ್ಕಳ ಹಿಂದೆ ಯಾವ ಬಂಡವಾಳಗಾರನೂ ಇರಲಿಲ್ಲ. ಸಂಜೆ ನಾಲ್ಕರ ಮೇಲೆ ಆಡಲು ಒಂದು ಬಯಲು, ಹೇಳಿಕೊಡಲು ಒಬ್ಬ ಅಣ್ಣ, ನೋಡಲು ಬೀದಿಯ ತುಂಬ ಜನ ಇದ್ದರು. ಗೌತಮಪುರದವರು ಬ್ರೆಜಿಲ್‌ನ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಮೊದಲು ಆಟ, ಆಮೇಲೆ ಕ್ಲಬ್ಬು. ಇದು ಕ್ರಮ.

ಈಗ ಬೆಂಗಳೂರು ಎಫ್‌ಸಿಯ ವಿಚಾರಕ್ಕೆ ಬರೋಣ. 2013ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆ ಕಟ್ಟಿದ ತಂಡವದು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಪ್ರಥಮ ಭಾರತೀಯ ಕ್ಲಬ್ ಎನಿಸಿ, ಇರಾಕಿನ ತಂಡಕ್ಕೆ 0-1ರಿಂದ ಸೋತಿತು. 2018-19ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್. ಸುನಿಲ್ ಛೇಟ್ರಿಯವರ ಆಟವನ್ನು ಕಂಠೀರವದಲ್ಲಿ ಕುಳಿತು ನಾನೂ ಒಮ್ಮೆ ಮಗನೊಂದಿಗೆ ನೋಡಿ ಮೈಮರೆತಿದ್ದೇನೆ. ಆ ಕ್ಲಬ್ಬಿನ ಸಾಧನೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ.

ಆದರೆ 2025ರ ಆಗಸ್ಟ್‌ನಲ್ಲಿ ಏನಾಯಿತು? ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ ನಡುವಿನ ಕರಾರು ನವೀಕರಣವಾಗದೆ ಮುಂದಿನ ಋತುವೇ ಅನಿಶ್ಚಿತವಾಯಿತು. ಆಗ ಇದೇ ಬೆಂಗಳೂರು ಎಫ್‌ಸಿ ತನ್ನ ಪ್ರಧಾನ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಕ್ಲಬ್ಬನ್ನು ಬೈಯಬೇಡಿ, ಲೀಗೇ ಇಲ್ಲವೆಂದರೆ ಯಾರಾದರೂ ಎಷ್ಟು ದಿನ ಸಂಬಳ ಕೊಟ್ಟಾರು? ನಾನು ಕೇಳುವುದಿಷ್ಟೇ: ದೇಶದ ಅತ್ಯಂತ ವ್ಯವಸ್ಥಿತ ಕ್ಲಬ್ಬುಗಳಲ್ಲೊಂದು ದೂರದ ಯಾವುದೋ ಕಾಗದದ ಮೇಲೆ ಬೀಳದ ಒಂದು ಸಹಿಯಿಂದ ಇಷ್ಟು ಅಲುಗಾಡಿದರೆ, ನಾಳೆ ಹುಟ್ಟುವ ನಮ್ಮ ಹಾಸನದ ಕ್ಲಬ್ಬಿನ ಗತಿ ಏನು? ಕಾರ್ಖಾನೆಯ ಆಸರೆಯಲ್ಲಿ ಬೆಳೆದ ಎಚ್‌ಎಎಲ್ ತಂಡದ ಕಥೆಯನ್ನೂ ನೆನೆಯಿರಿ. 2010-11, 2011-12 ಎರಡು ಋತು ಐ-ಲೀಗ್‌ನಲ್ಲಿ ಆಡಿ ಕೆಳಗಿಳಿಯಿತು. ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಮೇಲಿನವರು ಎಂದು ಬೇಕಾದರೂ ಎಳೆದುಕೊಳ್ಳಬಹುದು.

"ಹಾಗಾದರೆ ಸಣ್ಣ ಊರಿನವರು ಆಸೆಯನ್ನೇ ಪಡಬಾರದೆ ಸಾರ್?" ಎಂದು ಆ ಹುಡುಗ ಕೇಳಿದ. ಖಂಡಿತ ಪಡಬೇಕು. ಸ್ಪೇನಿನಲ್ಲಿ ಐಬಾರ್ ಎಂಬ ಊರಿದೆ. ಜನಸಂಖ್ಯೆ ಸುಮಾರು 27 ಸಾವಿರ. ಅಂದರೆ ಹೆಚ್ಚುಕಡಿಮೆ ನಮ್ಮ ಹೊಳೆನರಸೀಪುರದ ಅಳತೆ. ಅಲ್ಲಿಯ ಕ್ಲಬ್ಬು 2014ರಲ್ಲಿ ಆ ದೇಶದ ಅತ್ಯುನ್ನತ ಲೀಗಿಗೆ ಏರಿತು. ಆ ದೇಶದ ನಿಯಮದಂತೆ ದೊಡ್ಡ ಮೊತ್ತದ ಮೂಲಧನ ತೋರಿಸಬೇಕಾಗಿ ಬಂದಾಗ, ಒಬ್ಬನೇ ಸಾಹುಕಾರನ ಕೈಗೆ ಕ್ಲಬ್ಬು ಹೋಗದಂತೆ ಮಿತಿ ಹಾಕಿ, ಸಾವಿರಾರು ಸಾಮಾನ್ಯರಿಗೆ ಷೇರು ಮಾರಿ ಹಣ ಕೂಡಿಸಿದರು. ಬಾರ್ಸಿಲೋನ, ರಿಯಲ್ ಮ್ಯಾಡ್ರಿಡ್‌ಗಳ ಎದುರು ಏಳು ಋತು ಆಡಿ 2021ರಲ್ಲಿ ಕೆಳಗಿಳಿದರು. ಇಳಿದರೂ ಕ್ಲಬ್ಬು ಮುಚ್ಚಲಿಲ್ಲ. 1940ರಿಂದ ಊರೇ ಅದನ್ನು ಸಾಕಿಕೊಂಡು ಬಂದಿತ್ತು.

ಇನ್ನೊಂದು ಲೆಕ್ಕ ಕೊಡುತ್ತೇನೆ, ಗಣಿತದ ಮೇಷ್ಟ್ರಲ್ಲವೇ! 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಐಸ್‌ಲ್ಯಾಂಡ್ ಎಂಬ ದೇಶದ ಜನಸಂಖ್ಯೆ 2016ರಲ್ಲಿ ಮೂರೂಕಾಲು ಲಕ್ಷದ ಆಸುಪಾಸು. ನಮ್ಮ ಐದನೆಯ ಒಂದು ಭಾಗ! ಆ ವರ್ಷ ಅವರು ಯುರೋಪಿಯನ್ ಪಂದ್ಯಾವಳಿಯಲ್ಲಿ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳಿಸಿದರು. 2018ರ ವಿಶ್ವಕಪ್ಪಿನಲ್ಲಿ ಮೆಸ್ಸಿಯ ಪೆನಾಲ್ಟಿಯನ್ನು ತಡೆದು ಅರ್ಜೆಂಟೀನದೊಡನೆ 1-1 ಸಮ ಮಾಡಿಕೊಂಡರು. ಅವರ ತರಬೇತುದಾರರು ವೃತ್ತಿಯಿಂದ ದಂತವೈದ್ಯರು. ಅವರು ಮಾಡಿದ್ದೇನು? ಚಳಿಗಾಲದಲ್ಲೂ ಆಡಲು ಸೂರಿನಡಿಯ ಅಂಗಣಗಳು, ಶಾಲೆಗಳ ಪಕ್ಕದಲ್ಲಿ ಪುಟ್ಟ ಪುಟ್ಟ ಮೈದಾನಗಳು, ಎಳೆಯ ಮಕ್ಕಳಿಗೂ ಪರೀಕ್ಷೆ ಪಾಸು ಮಾಡಿದ ತರಬೇತುದಾರರು. ಚಳಿಗಾಲದಲ್ಲಿ ಹಿಮ, ಕತ್ತಲೆಗಳಿರುವ ದೇಶ ಅದು. ನಮಗೋ ಹೇಮಾವತಿಯ ದಡದಲ್ಲಿ ವರ್ಷದ ಹತ್ತು ತಿಂಗಳು ಆಡಬಹುದಾದ ಹವೆ ಇದೆ. ಇಲ್ಲದಿರುವುದು ಮೈದಾನ. ಅದು ಇಲ್ಲದಂತೆ ಮಾಡಿದವರು ಯಾರು?

ಇಲ್ಲಿಗೆ ನನ್ನ ತಪ್ಪೊಪ್ಪಿಗೆ ಬರುತ್ತದೆ. ಬಿ.ಎಡ್. ಓದುವಾಗ ಶಾರೀರಿಕ ಶಿಕ್ಷಣದ ಮಹತ್ವವನ್ನು ಕುರಿತು ಪುಟಗಟ್ಟಲೆ ಉತ್ತರ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಕೆಲಸಕ್ಕೆ ಸೇರಿದ ಮೇಲೆ ಅರಕಲಗೂಡಿನಲ್ಲಿ, ಹೊಳೆನರಸೀಪುರದಲ್ಲಿ, ಚನ್ನರಾಯಪಟ್ಟಣದಲ್ಲಿ, ಹೋದಲ್ಲೆಲ್ಲ ಮಾಡಿದ ಮೊದಲ ಕೆಲಸ ಡ್ರಿಲ್ ಮೇಷ್ಟ್ರ ಪೀರಿಯಡ್ಡನ್ನು ಕಸಿದುಕೊಂಡದ್ದು. "ಸಾರ್, ಎಸ್‌ಎಸ್‌ಎಲ್‌ಸಿ ಫಲಿತಾಂಶ, ನಿಮಗೇ ಗೊತ್ತಲ್ಲ" ಎಂದರೆ ಸಾಕು, ಪಾಪ, ಅವರು ಮಾತಿಲ್ಲದೆ ಬಿಟ್ಟುಕೊಡುತ್ತಿದ್ದರು. ಒಂದು ಶಾಲೆಯಲ್ಲಿ ಕ್ರೀಡಾ ಶುಲ್ಕದಿಂದ ಕೊಂಡ ಎರಡು ಫುಟ್‌ಬಾಲುಗಳು ಬೀರುವಿನಲ್ಲಿ ಬೀಗದೊಳಗಿದ್ದವು; ಹರಿದುಹೋದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಕೊಡಬೇಕೆಂಬ ಭಯ. ಆ ಬೀರುವಿನ ಬೀಗದ ಕೈ ಎರಡು ವರ್ಷ ನನ್ನ ಬಳಿಯೇ ಇತ್ತು.

ಹೊಳೆನರಸೀಪುರದ ಕಾಲದ ಒಬ್ಬ ಹುಡುಗ. ಹೆಸರು ಬೇಡ. ಹೊಳೆಯಾಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದ. ಬಟ್ಟೆಯ ಚೆಂಡನ್ನು ಎಡಗಾಲಿನಲ್ಲಿ ಒದೆಯುತ್ತ ಐದಾರು ಜನರ ನಡುವೆ ನುಸುಳಿಹೋಗುವುದನ್ನು ಸಿಬ್ಬಂದಿ ಕೊಠಡಿಯ ಕಿಟಕಿಯಿಂದ ನಾನೇ ನೋಡಿದ್ದೇನೆ. ನೋಡಿ ಏನು ಮಾಡಿದೆ? ಒಳಗೆ ಕರೆಸಿ, ಬೆಂಚಿನ ಮೇಲೆ ನಿಲ್ಲಿಸಿ, "ಇದು ನಿನಗೆ ಅನ್ನ ಹಾಕುತ್ತದೇನೋ?" ಎಂದು ಗದರಿ, ಆಟದ ಪೀರಿಯಡ್ಡಿನಲ್ಲೆಲ್ಲ ಲೆಕ್ಕ ಮಾಡಿಸಿದೆ. ಅವನು ಗಣಿತದಲ್ಲಿ ನಪಾಸಾದ. ನನ್ನ ಲೆಕ್ಕವೂ ಅವನಿಗೆ ಅನ್ನ ಹಾಕಲಿಲ್ಲ. ಬಹಳ ವರ್ಷಗಳ ಮೇಲೆ ಹಾಸನದ ಬಸ್ ನಿಲ್ದಾಣದಲ್ಲಿ ಅವನೇ ಗುರುತು ಹಿಡಿದು ಕಾಲಿಗೆ ನಮಸ್ಕರಿಸಿದ. ಮಾತಿಗೆ ಮಾತು ಬಂದು, "ಈಗಲೂ ಆಡ್ತೀಯೇನಪ್ಪಾ?" ಎಂದೆ. "ಎಲ್ಲಿ ಸಾರ್, ನೀವು ಬಿಡಿಸಿದಿರಲ್ಲ" ಎಂದು ನಕ್ಕ. ಅವನ ಮನಸ್ಸಿನಲ್ಲಿ ಕಹಿ ಇರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಇದು ನನ್ನೊಬ್ಬನ ಪಾಪವಲ್ಲ. ಶಾಲಾ ಬಯಲಿನ ರಸ್ತೆಯ ಅಂಚಿಗೆ ಬಾಡಿಗೆ ಮಳಿಗೆಗಳು ಎದ್ದಾಗ ಆದಾಯ ಬಂತೆಂದು ಚಪ್ಪಾಳೆ ತಟ್ಟಿದವರು ನಾವೇ. ಉಳಿದ ಜಾಗದಲ್ಲಿ ಹೊಸ ಕೊಠಡಿ ಕಟ್ಟಿದಾಗ ಸಿಹಿ ಹಂಚಿದವರೂ ನಾವೇ. ಜಾತ್ರೆಗೆ, ಸಭೆಗೆ, ಜಲ್ಲಿ ಸುರಿಯಲಿಕ್ಕೆ ಮೈದಾನ ಕೇಳಿದವರಿಗೆಲ್ಲ ಕೊಟ್ಟೆವು, ಮಕ್ಕಳಿಗೊಂದನ್ನು ಬಿಟ್ಟು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಿದೆ: ಕೊಠಡಿ, ಶೌಚಾಲಯ, ಕುಡಿಯುವ ನೀರು. ಅವುಗಳ ಸಾಲಿನಲ್ಲೇ ಆಟದ ಮೈದಾನವೂ ಇದೆ. ನೀರಿಲ್ಲದ ಶಾಲೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಮೈದಾನವಿಲ್ಲದ ಶಾಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

"ಹಳ್ಳಿ ಮಕ್ಕಳಿಗೆ ಬೇಕಾದ್ದು ಉದ್ಯೋಗ, ಆಟವಲ್ಲ" ಎನ್ನುವ ಬಂಧುಗಳಿಗೆ ಒಂದು ಮಾತು. ಆಡಿದವರೆಲ್ಲ ಛೇಟ್ರಿಯಾಗುವುದಿಲ್ಲ, ನಿಜ. ನಾನು ಬೀಜಗಣಿತ ಕಲಿಸಿದ ಸಾವಿರಾರು ಮಕ್ಕಳಲ್ಲಿ ಎಷ್ಟು ಮಂದಿ ರಾಮಾನುಜನ್ ಆದರು? ಆದರೂ ಕಲಿಸಿದೆವಲ್ಲ! ಆಟವೂ ವಿದ್ಯೆ, ಸೋತು ಮನೆಗೆ ನಡೆದುಹೋಗುವುದನ್ನು ಅದರಷ್ಟು ಚೆನ್ನಾಗಿ ಇನ್ನಾವುದೂ ಕಲಿಸದು.

ಆದ್ದರಿಂದ, ಕ್ಲಬ್ಬಿಗೆ ಹೆಸರಿಟ್ಟು ಕುಳಿತಿರುವ ನನ್ನ ಪ್ರೀತಿಯ ಶಿಷ್ಯರೇ, ನಿಮ್ಮ ಹಣವನ್ನೂ ಉತ್ಸಾಹವನ್ನೂ ಇಲ್ಲಿ ಹಾಕಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳಲ್ಲಿ ನೀವು ಓದಿದ ಒಂದೊಂದು ಶಾಲೆಯ ಬಯಲನ್ನು ಆರಿಸಿಕೊಳ್ಳಿ. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿ, ಬೇಲಿ ಹಾಕಿಸಿ. ಎಸ್‌ಡಿಎಂಸಿಯವರನ್ನು ಕೂರಿಸಿಕೊಂಡು, ಸಂಜೆ ನಾಲ್ಕರಿಂದ ಆರರವರೆಗೆ ಅದು ಮಕ್ಕಳದು, ಹುಡುಗಿಯರದೂ ಕೂಡ, ಎಂದು ಬರೆಸಿಕೊಳ್ಳಿ. ಊರಿನ ಇಬ್ಬರು ತರುಣರಿಗೆ ಫುಟ್‌ಬಾಲ್ ಒಕ್ಕೂಟದ ಪ್ರಾರಂಭಿಕ ಹಂತದ ತರಬೇತಿ ಕೊಡಿಸಿ, ಅವರಿಗೊಂದು ಗೌರವಧನ ಕೊಡಿ. ವರ್ಷಕ್ಕೊಂದು ದಿನ ಶಾಮಿಯಾನ ಹಾಕಿ, ಮುಖ್ಯ ಅತಿಥಿಗೆ ಶಾಲು ಹೊದಿಸಿ, ಆಳೆತ್ತರದ ಟ್ರೋಫಿ ಹಂಚುವ ಕೆಲಸ ಮಾತ್ರ ಬೇಡ. ಹತ್ತು ವರ್ಷ ಹೀಗೆ ನಡೆಸಿ, ನಾಲ್ಕು ಊರುಗಳ ಹುಡುಗರು ತಮ್ಮತಮ್ಮಲ್ಲೇ ಆಡಿ ಜಗಳವಾಡಿ ರಾಜಿಯಾಗಿ ಒಂದು ತಂಡವಾಗಲಿ. ಆಗ ಕ್ಲಬ್ಬು ತಾನಾಗಿ ಬರುತ್ತದೆ. ಕಂಪನಿ ಬಿಟ್ಟುಹೋದರೂ ಅದು ನಿಲ್ಲುತ್ತದೆ.

ಶಾಲಾ ಮಾಸ್ತರಿಕೆಯಲ್ಲಿರುವ ನನ್ನ ಶಿಷ್ಯರಿಗೆ ಬೇರೆಯೇ ಬಿನ್ನಹ: ಆಟದ ಪೀರಿಯಡ್ಡನ್ನು ಮುಟ್ಟಬೇಡಿ. ಫಲಿತಾಂಶ ಎಂದು ಯಾರಾದರೂ ಹೆದರಿಸಿದರೆ ನನ್ನ ಹೆಸರು ಹೇಳಿ. ಮೂವತ್ತು ವರ್ಷ ಆ ಪೀರಿಯಡ್ಡನ್ನು ತಿಂದವನು ನಾನು. ಅದರಿಂದ ಫಲಿತಾಂಶ ಶೇಕಡ ಒಂದೂ ಏರಲಿಲ್ಲ ಎಂದು ಸಾಕ್ಷಿ ಹೇಳಲು ಎಲ್ಲಿಗೆ ಕರೆದರೂ ಬರುತ್ತೇನೆ.

ಅಂದು ಫೋನಿನಲ್ಲಿ ಕೊಡದ ಆಶೀರ್ವಾದ ಇನ್ನೂ ನನ್ನ ಬಳಿಯೇ ಇದೆ. ಮೊದಲ ಬಯಲಿಗೆ ಬೇಲಿ ಬಿದ್ದ ದಿನ ತಿಳಿಸಿ. ಬಸ್ಸು ಹತ್ತಿ ಬಂದು ಕೊಡುತ್ತೇನೆ. ಜೊತೆಗೆ ಎರಡು ಫುಟ್‌ಬಾಲುಗಳನ್ನೂ ತರುತ್ತೇನೆ. ಅವಕ್ಕೆ ಬೀರು ಬೇಡ, ಬೀಗವೂ ಬೇಡ.

ಇಂತಿ ನಿಮ್ಮ,
ಮೇಷ್ಟ್ರು